ಸೊನ್ನೆಯಾಚೆಯ ಸೀಟುಗಳು

ತಾಂಬರಂ ಸ್ಟೇಷನ್ ಎದುರಿನ ತಮ್ಮ ಹೋಟೆಲಿನ ಬಾಗಿಲ ಮೇಲೆ ಕೆಂಪು ಅಂಕಿಗಳು ಹೊತ್ತಿಕೊಂಡಾಗ ವಿಷ್ಣುಮೂರ್ತಿಗಳು ಗಲ್ಲಾ ಬಿಟ್ಟು ರಸ್ತೆಗೇ ಬಂದರು. ಒಳಗೆ ಎಷ್ಟು ಸೀಟು ಖಾಲಿ ಇದೆಯೆಂದು ತೋರಿಸುವ ಬೋರ್ಡು ಅದು. ಮಗಳು ತೃಷಾಳ ಇಂಜಿನಿಯರಿಂಗ್ ಪ್ರಾಜೆಕ್ಟು. ಬಾಗಿಲ ಸೆನ್ಸರ್ ಒಳಗಿದ್ದವರನ್ನು ಎಣಿಸುತ್ತಿತ್ತು, ಒಟ್ಟು ಸೀಟಿನಿಂದ ಅದನ್ನು ಕಳೆದರೆ ಉಳಿದದ್ದು ಖಾಲಿ. ಎಡವಟ್ಟಾದರೆ ಇವತ್ತೇ ಬೋರ್ಡು ಇಳಿಸುತ್ತೇನೆಂದು ಅಪ್ಪ ಮೊದಲೇ ಹೇಳಿದ್ದರು. ಮಾರ್ಕು ಹಾಕಲು ಬಂದ ಪ್ರೊಫೆಸರ್ ಬದರಿನಾಥರು ಪಕ್ಕದಲ್ಲೇ ನಿಂತಿದ್ದರು.

ಭಾನುವಾರ ಸಂಜೆ. ಜನ ಬಂದ ಹಾಗೆ ಅಂಕಿ ಇಳಿಯುತ್ತಾ ಸೊನ್ನೆಗೆ ಬಂದು ನಿಂತಿತು. ತೃಷಾ ಉಸಿರು ಬಿಡುವಷ್ಟರಲ್ಲಿ ಪಾರ್ಸೆಲ್ ಕಟ್ಟಿಸಲು ಒಬ್ಬಾತ ಒಳಗೆ ನುಗ್ಗಿದ. ಬೋರ್ಡು 65535 ಎಂದಿತು.

ಪಕ್ಕದ ಎಸ್‌ಟಿಡಿ ಬೂತಿನಲ್ಲಿ ಕಾಯುತ್ತಿದ್ದವರು ಜೋರಾಗಿ ಓದಿ ನಕ್ಕರು. ಆಗತಾನೇ ಟ್ರೈನಿಳಿದ ಗುಂಪೊಂದು, ಇಷ್ಟು ಸೀಟು ಎಲ್ಲಿಟ್ಟಿದ್ದಾರೆ ನೋಡೋಣ ಎನ್ನುತ್ತಾ ಒಳಗೇ ಬಂತು.

ತೃಷಾ ಬೋರ್ಡಿನ ಕೆಳಗೆ ಓಡಿ ಬಂದಳು. ಸೊನ್ನೆಗಿಂತ ಕೆಳಗಿಳಿದರೆ ಏನಾಗಬೇಕೆಂದು ಬರೆದಿಲ್ಲವೇ ಎಂದು ಪ್ರೊಫೆಸರ್ ಮೆಲ್ಲಗೆ ಕೇಳಿದರು. ಬರೆದಿದ್ದಳು. ಸೊನ್ನೆಗಿಂತ ಕಡಿಮೆಯಾದರೆ ‘ಫುಲ್’ ಎಂದು ತೋರಿಸುವ ಸಾಲು ಪ್ರೋಗ್ರಾಮಿನಲ್ಲಿತ್ತು. ಅದೇಕೆ ಕೆಲಸ ಮಾಡಲಿಲ್ಲ ಎಂದು ಯೋಚಿಸುತ್ತಿದ್ದವಳಿಗೆ ಥಟ್ಟನೆ ಹೊಳೆದು, ನಗು ಬಂತು.

“ಸಾರ್, ಸೀಟು ಮೈನಸ್ ಆಗೋದೇ ಇಲ್ಲ ಅಂತ ಅನ್‌ಸೈನ್ಡ್ ನಂಬರ್ ಇಟ್ಟೆ. ಅದಕ್ಕೆ ಮೈನಸ್ಸೇ ತೆರಿಯಾದು, ಗೊತ್ತೇ ಇಲ್ಲ. ಸೊನ್ನೆಯಿಂದ ಒಂದು ಕಳೆದ್ರೆ ಸುತ್ತಿಕೊಂಡು ತುತ್ತತುದಿಗೆ, ಅಂದ್ರೆ 65535ಕ್ಕೆ ಹೋಗ್ತದೆ. ನನ್ನ ಸಾಲು ಯಾವತ್ತೂ ನಿಜ ಆಗೋದೇ ಇಲ್ಲ.”

ಹಾಗಾದರೆ ಪರಿಹಾರ ಎಂದರು ಅವರು. ಕಳೆಯುವ ಮೊದಲೇ ಎರಡನ್ನೂ ಹೋಲಿಸಬೇಕು, ಒಳಗಿರುವವರು ಹೆಚ್ಚಾಗಿದ್ದರೆ ಕಳೆಯಲೇಬಾರದು ಎಂದಳು. ಈಗಲೇ ಸರಿಮಾಡುತ್ತೇನೆಂದು ಬೋರ್ಡಿನ ಪ್ಲಗ್ಗಿಗೆ ಕೈ ಹಾಕಿದಳು.

ಅಪ್ಪ ಆ ಕೈ ಹಿಡಿದುಕೊಂಡರು. “ಈಗ ಎಂತಕ್ಕೆ ತೆಗೀತಿ ಮಾರಾಯ್ತಿ? ಬಂದವರು ತಿಂದು ಹೋಗ್ಲಿ.”

ಎಷ್ಟೋ ವರ್ಷದಿಂದ ಅಟ್ಟದಲ್ಲಿದ್ದ ಸ್ಟೂಲುಗಳು ಕೆಳಗಿಳಿದವು. ಕಾವಲಿಗೆ ಪುರುಸೊತ್ತಿರಲಿಲ್ಲ. ಅಷ್ಟು ಗಟ್ಟಿಯಾಗಿ ಅಪ್ಪ ಆರ್ಡರ್ ಕೂಗುವುದನ್ನು ತೃಷಾ ಕೇಳಿಯೇ ಇರಲಿಲ್ಲ. ಅವಳೂ ಪ್ಲೇಟು ಹೊತ್ತು ಓಡಾಡಿದಳು.

ಬದರಿನಾಥರಿಗೆ ಕೂರಲು ಜಾಗ ಸಿಗಲಿಲ್ಲ. ಗಲ್ಲಾದ ಪಕ್ಕ ನಿಂತೇ ಮಸಾಲೆದೋಸೆ ಮುರಿಯುತ್ತಾ ವಿಷ್ಣುಮೂರ್ತಿಗಳಿಗೆ ಹೇಳಿದರು:

“ನಿಮ್ಮ ಮಗಳಿಗೆ ಒಂದೆರಡು ಮಾರ್ಕು ಕಳೆಯೋಣ ಅಂತಿದ್ದೆ ಸ್ವಾಮಿ. ಇದನ್ನ ನೋಡಿದ ಮೇಲೆ ಕಳೆಯೋಕೇ ಭಯ.”