ನಿನ್ನ ಹಿಂದೆ ಯಾರು?

"ನಾನೆಲ್ಲಿ ಹೋದೆ?" ಎಂದು ಕೂಗುತ್ತ ಇಸಬಿರ್ಯೆ ಬೈಕಿನಿಂದ ಧುಮುಕಿದ. "ಬೆಳಿಗ್ಗೆಯಿಂದ ಬಿಸಿಲಲ್ಲಿ ಒಣಗ್ತಾ ಕೂತಿದೀನಿ, ಫೋನಲ್ಲಿ ನನ್ನ ಹೆಸರೇ ಇಲ್ವಲ್ಲ! ನಾನೇನು ಸತ್ತೋದ್ನಾ?"

ಅವನೊಬ್ಬನೇ ಅಲ್ಲ. ಜಿಂಜಾ ಪೇಟೆಯ ಆ 'ಬೋಡಾ' ಎಂಬ ಬಾಡಿಗೆ ಬೈಕುಗಳ ನಿಲ್ದಾಣದಲ್ಲಿ ಸರದಿ ತೋರಿಸುತ್ತಿದ್ದ ಫೋನಿನಲ್ಲಿ ಈಗ ಎರಡೇ ಹೆಸರು ಉಳಿದಿದ್ದವು. ಮೂರನೆಯವನಾದ ಮುಕಿಸನ ಚಕ್ರ ಪಂಕ್ಚರ್ ಆಗಿತ್ತು. ನಿಲ್ದಾಣದ ಚೇರ್ಮನ್ ಬಾಲಿಕೋವ ಅವನ ಹೆಸರು ತೆಗೆದರು, ಅಷ್ಟೇ. ಅವನ ಹಿಂದಿದ್ದವರೆಲ್ಲ ಅವನ ಜೊತೆಗೇ ಮಾಯ.

ಪ್ರೋಗ್ರಾಂ ಬರೆದ ಹುಡುಗಿ ನೈಗಾಗ ಫೋನಿನತ್ತ ಬಗ್ಗಿದಳು. ಓದು ಮುಗಿಸಿದ ಮೇಲೆ ಅವಳು ಬರೆದದ್ದರಲ್ಲಿ ಜನ ನಿಜವಾಗಿ ಬಳಸಿದ್ದು ಇದೊಂದನ್ನೇ. ಚೇರ್ಮನ್ನರನ್ನು ಗೋಗರೆದು ಒಂದು ವಾರದ ಪರೀಕ್ಷೆಗೆ ಒಪ್ಪಿಸಿದ್ದಳು, ಇವತ್ತೇ ಕೊನೆ. ಇಲ್ಲಿ ಬೇಡವೆಂದರೆ ಊರಿನ ಬೇರೆ ಯಾವ ನಿಲ್ದಾಣವೂ ಅವಳನ್ನು ಹತ್ತಿರ ಸೇರಿಸುವುದಿಲ್ಲ. ಮೊದಲೆಲ್ಲ ಸವಾರರ ಹೆಸರು ಬರೆದ ಸೋಡಾ ಮುಚ್ಚಳಗಳನ್ನು ಬೆಂಚಿನ ಮೇಲೆ ಸಾಲಾಗಿಟ್ಟು ಸರದಿ ಕಾಯುತ್ತಿದ್ದರು. ಯಾರೋ ಮುಚ್ಚಳ ಸರಿಸಿದರೆಂದು ದಿನಾ ಜಗಳ. ಆ ಮುಚ್ಚಳಗಳು ಇನ್ನೂ ಚೇರ್ಮನ್ನರ ಕೋಟಿನ ಜೇಬಿನಲ್ಲೇ ಇದ್ದವು. ಅವರೀಗ ಜೇಬಿಗೆ ಕೈ ಹಾಕಿ ಗಲಗಲ ಆಡಿಸಿದರು.

"ಏನ್ ಮಗಳೇ, ಇವನ್ನ ಮತ್ತೆ ಹೊರಗೆ ತೆಗೀಲಾ?"

"ದಮ್ಮಯ್ಯ, ಸ್ವಲ್ಪ ತಡೀರಿ ಚೇರ್ಮನ್." ನೈಗಾಗ ಅವರ ಮುಂದೆ ಮಂಡಿಯೂರಿದಳು. ಹಾಗೆಯೇ ಲ್ಯಾಪ್‌ಟಾಪನ್ನು ಬೆಂಚಿನ ಮೇಲಿಟ್ಟು ತೆರೆದಳು. ತಪ್ಪು ಕಣ್ಣಿಗೆ ಹೊಡೆಯುವಂತಿತ್ತು. ಅವಳು ಬಳಸಿದ್ದು ಸಿಂಗ್ಲಿ ಲಿಂಕ್ಡ್ ಲಿಸ್ಟ್. ಅದರಲ್ಲಿ ಪ್ರತಿ ಹೆಸರೂ ತನ್ನ ಹಿಂದಿನವನ ಕೈಯನ್ನಷ್ಟೇ ಹಿಡಿದಿರುತ್ತದೆ. ಮುಕಿಸನನ್ನು ಕಳಿಸುವ ಮೊದಲು ಅವನು ಹಿಡಿದಿದ್ದ ಕೈಯನ್ನು ಮುಂದಿನವನಿಗೆ ಕೊಡಿಸುವುದನ್ನೇ ಮರೆತಿದ್ದಳು! ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ ಎಂದು ಶಪಿಸಿಕೊಂಡಳು. ತಪ್ಪನ್ನೇನೋ ತಿದ್ದಬಹುದು, ಕಳೆದುಹೋದ ಸರದಿಯನ್ನು ಎಲ್ಲಿಂದ ತರುವುದು?

"ಅಣ್ಣಾ, ನಿನ್ನ ಮುಂದೆ ಯಾರಿದ್ರು?" ಎಂದು ಇಸಬಿರ್ಯೆಯನ್ನೇ ಕೇಳಿದಳು.

"ಮುಕಿಸ. ಅವನ ಬೆನ್ನು ನೋಡೀ ನೋಡೀ ಸಾಕಾಯ್ತು."

"ಹಿಂದೆ?"

"ಹಿಂದಿರೋನು ಗೊತ್ತಾಗ್ದೆ ಇರ್ತಾನಾ? 'ಬೇಗ ತೊಲಗೋ' ಅಂತ ಕಿವಿ ಹತ್ರ ಬಯ್ತಾನೇ ಇದಾನಲ್ಲ, ವೈಸ್ವ!"

ನಿಲ್ದಾಣವೆಲ್ಲ ನಕ್ಕಿತು. ನೈಗಾಗ ಕೂಡ ನಕ್ಕಳು, ನಗುತ್ತಿದ್ದವಳು ತಟ್ಟನೆ ನಗು ನಿಲ್ಲಿಸಿದಳು. ಇಲ್ಲಿ ಎಲ್ಲರಿಗೂ ಮುಂದೂ ಗೊತ್ತು, ಹಿಂದೂ ಗೊತ್ತು. ಗೊತ್ತಿಲ್ಲದ್ದು ಅವಳ ಪ್ರೋಗ್ರಾಮಿಗೆ ಮಾತ್ರ. ಡಬ್ಲಿ ಲಿಂಕ್ಡ್ ಲಿಸ್ಟ್ ಅವಳು ಕಲಿಯದ್ದೇನಲ್ಲ. ಎರಡೆರಡು ಕಡೆ ಗಂಟು ಹಾಕುವ ತಾಪತ್ರಯ ಯಾರಿಗೆ ಬೇಕೆಂದು ಬಿಟ್ಟಿದ್ದಳು. ಈಗ ಒಬ್ಬೊಬ್ಬರನ್ನೇ ಕೇಳುತ್ತ ಪ್ರತಿ ಹೆಸರಿಗೂ ಎರಡು ಕೈ ಕೊಟ್ಟಳು: ಒಂದು ಮುಂದಿನವನಿಗೆ, ಒಂದು ಹಿಂದಿನವನಿಗೆ. ನಡುವಿನಿಂದ ಹೋಗುವವನು ಅವರಿಬ್ಬರ ಕೈ ಕೂಡಿಸಿಯೇ ಹೋಗಬೇಕು. ಪಾಪ, ಅವಳಿಗೆಂದು ಯಾರೋ ತಂದ ಮೊಟ್ಟೆ ಸುತ್ತಿದ ಚಪಾತಿ ಪಕ್ಕದಲ್ಲೇ ತಣ್ಣಗಾಯಿತು.

"ನಡುವಿಂದ ಒಬ್ಬರನ್ನ ತೆಗೆದು ನೋಡ್ಬೇಕು," ಎಂದಳು. ಎಲ್ಲರೂ ಆಕಾಶ ನೋಡಿದರು. ಬಿಸಿಲಲ್ಲಿ ಕಾದು ಗಳಿಸಿದ ಜಾಗ, ಯಾರು ಬಿಟ್ಟಾರು?

"ನನ್ನನ್ನೇ ತೆಗಿ," ಎಂದ ಇಸಬಿರ್ಯೆ. "ಹೇಗೂ ಒಂದ್ಸಲ ಸತ್ತಿದೀನಿ."

ಚೇರ್ಮನ್ ಫೋನಿನಲ್ಲಿ ಅವನ ಹೆಸರು ಒತ್ತಿದರು. ಇಸಬಿರ್ಯೆ ಹೋದ, ಅವನ ಜಾಗಕ್ಕೆ ವೈಸ್ವ ಬಂದ, ಕೊನೆಯವನವರೆಗೂ ಒಬ್ಬನೂ ಮಾಯವಾಗಲಿಲ್ಲ. ಮತ್ತೆ ಒತ್ತಿದರು. ಇಸಬಿರ್ಯೆ ತನ್ನ ಜಾಗದಲ್ಲೇ ಬಂದು ಕೂತ. ಎಣ್ಣೆ ಹತ್ತಿದ ಬೆರಳಿನಿಂದ ತನ್ನ ಹೆಸರು ಮುಟ್ಟಿ, "ಹಾಂ, ನಾನೇ!" ಎಂದ.

ಚೇರ್ಮನ್ ಮತ್ತೆ ಜೇಬಿಗೆ ಕೈ ಹಾಕಿದರು. ಗಲಗಲ. ಅವರು ಮುಚ್ಚಳಗಳನ್ನೆಲ್ಲ ತೆಗೆದು, ಬೆಂಚಿನ ಕೆಳಗೆ ಧೂಳು ಹಿಡಿದಿದ್ದ ಡ್ರಾಫ್ಟ್ಸ್ ಆಟದ ಹಲಗೆ ಎಳೆದು, ಕಪ್ಪು ಬಿಳಿ ಮನೆಗಳಲ್ಲಿ ಕಾಯಿಗಳ ಹಾಗೆ ಜೋಡಿಸತೊಡಗಿದರು.

"ಸರದಿ ಫೋನು ನೋಡ್ಕೊಳ್ಳುತ್ತೆ. ಬಾ ಮಗಳೇ, ಮೊದಲ ಆಟ ನಿಂದು," ಎನ್ನುತ್ತ ಒಂದು ಮುಚ್ಚಳವನ್ನು ಅವಳ ಕಡೆ ಸರಿಸಿದರು. "ಇದು ಇಸಬಿರ್ಯೆ. ಈ ಸಲ ಹುಷಾರಾಗಿ ನಡೆಸು, ಮತ್ತೆ ಸಾಯಿಸ್ಬೇಡ."