ಬೆನ್ನ ಮೇಲೆ ಮಲಗಿದ್ದ ಜೇಡ

ಚಂದ್ರನ ಮೇಲಿನ ಊರಿನಲ್ಲಿ ನಾಯಿ, ಬೆಕ್ಕು ಸಾಕುವಂತಿರಲಿಲ್ಲ. ಅವುಗಳ ಉಸಿರಿಗೆ ಹೆಚ್ಚು ಗಾಳಿ ಬೇಕು. ಹಾಗಾಗಿ ಚನ್ನವೀರನ ಮಗಳು ನೀಲಾ ಟರಾಂಟುಲಾ ಜೇಡವೊಂದನ್ನು ಸಾಕಿದ್ದಳು. ಹತ್ತು ದಿನದಿಂದ ಅದು ಏನೂ ತಿಂದಿರಲಿಲ್ಲ. ಅಂದು ಗಾಜಿನ ಪೆಟ್ಟಿಗೆಯಲ್ಲಿ ಅದು ಕಾಲು ಮೇಲಾಗಿ ಬಿದ್ದಿತ್ತು. ಮಗಳು ನೋಡಿ ಅಳದಿರಲಿ ಎಂದು ಚನ್ನವೀರ ಅದನ್ನೆತ್ತಿ ಕಸ ಸುಡುವ ಕುಲುಮೆಗೆ ಹಾಕಿದ.

ಶಾಲೆಯಿಂದ ಬಂದ ನೀಲಾಗೆ ಜೇಡ ಸತ್ತಿತೆಂದು ಹೇಳಿದ. ಅವಳು ಖಾಲಿ ಪೆಟ್ಟಿಗೆ ನೋಡಿ ಕೇಳಿದಳು, "ಬೆನ್ನ ಮ್ಯಾಲೆ ಮಲಗಿತ್ತೇನಪಾ?"

"ಹೂಂ. ಸತ್ತಿತ್ತವ್ವಾ."

"ಇಲ್ಲಪಾ, ಪೊರಿ ಬಿಡಾಕತ್ತಿತ್ತು. ಆವಾಗ ಹಂಗ ಮಲಗತೈತಿ, ಮುಟ್ಟಬಾರದು."

ಚನ್ನವೀರ ಕುಲುಮೆಯ ಕಡೆ ನೋಡಿದ.

"ಎತ್ತಿದಾಗ ಅಲುಗಾಡಿತ್ತೇನು?"

ಒಂದು ಕಾಲು ಅವನ ಬೆರಳಿಗೆ ತಾಗಿ ಮೆಲ್ಲಗೆ ಅದುರಿತ್ತು. ತನ್ನ ಕೈಯೇ ನಡುಗಿತೆಂದು ಅವನು ಅಂದುಕೊಂಡಿದ್ದ.

"ಇಲ್ಲವ್ವಾ," ಎಂದ.