ಬೆಕ್ಕಿನ ವರ್ಷದವಳು

"ಹಾಗಾದ್ರೆ ನಿಮ್ಮಿಬ್ರಲ್ಲಿ ದೊಡ್ಡೋಳು ನೀನು," ಎಂದು ಪಾವ್ ದೊಡ್ಡಮ್ಮ ಗುರುತಿನ ಚೀಟಿಗಳಿಂದ ತಲೆಯೆತ್ತಿ ಥೋವಾಳಿಗೆ ಹೇಳಿದರು. ತಮ್ಮ ಮನೆಯಲ್ಲಿ ತಂಗುವ ಪ್ರವಾಸಿಗಳ ಹೆಸರು, ಹುಟ್ಟಿದ ವರ್ಷ ಎಲ್ಲವನ್ನೂ ಅವರು ಠಾಣೆಯ ಪುಸ್ತಕದಲ್ಲಿ ಬರೆದಿಡಬೇಕು. ನಮ್ಮಲ್ಲಿ ವರ್ಷಗಳಿಗೆ ಸರದಿಯ ಮೇಲೆ ಒಂದೊಂದು ಪ್ರಾಣಿಯ ಹೆಸರು.

ಥೋವಾ ನಕ್ಕಳು. "ಇಲ್ಲ ದೊಡ್ಡಮ್ಮ, ಅಕ್ಕ ಅಂದ್ರೆ ಇವಳು, ಸುಯೆನ್. ಇವಳು ಹುಟ್ಟಿದ್ದು ಎಮ್ಮೆ ವರ್ಷ, ನಾನು ಅದರ ಮುಂದಿನ ಹುಲಿ ವರ್ಷ."

"ಇದ್ರಲ್ಲಿ ಹಾಗಿಲ್ವಲ್ಲ." ದೊಡ್ಡಮ್ಮ ಬೆರಳು ಮಡಚಿದರು. "ಎಮ್ಮೆ, ಹುಲಿ, ಬೆಕ್ಕು. ಇವಳು ಬೆಕ್ಕು. ನಿನಗಿಂತ ಒಂದು ವರ್ಷ ಚಿಕ್ಕೋಳು."

ಕಂಬಗಳ ಮೇಲೆ ನಿಂತ ಆ ಮನೆಯ ಏಣಿಯ ಬುಡದಲ್ಲಿ ಕೂತು ಬೂಟು ಬಿಚ್ಚುತ್ತಿದ್ದ ಸುಯೆನ್ ದಾರ ಹಿಡಿದುಕೊಂಡೇ ಉಳಿದಳು. ನಾಮ್ ದಿನ್ ಊರಿನ ಹೊಲಿಗೆ ಕಾರ್ಖಾನೆಯಲ್ಲಿ ಹದಿನಾಲ್ಕು ವರ್ಷ ಅಕ್ಕಪಕ್ಕದ ಮಿಷನ್ನು, ಒಂದೇ ಬಾಡಿಗೆ ಕೋಣೆ. ಇದು ಇಬ್ಬರೂ ಸೇರಿ ಹೊರಟ ಮೊದಲ ಪ್ರವಾಸ. ಕಾವ್ ಬಾಂಗ್‌ನ ಘಟ್ಟಗಳಲ್ಲಿ ಮೂರು ದಿನ ನಡೆದಿದ್ದರು. ದೊಡ್ಡ ಬ್ಯಾಗು ಸುಯೆನ್ ಬೆನ್ನಿಗೆ. ನೀರಿನ ಬಾಟಲಿ, ಟೋಪಿ, ಮಾವಿನಹಣ್ಣು ತುಂಬಿದ ಪುಟ್ಟ ಚೀಲ ಥೋವಾಳಿಗೆ. ಈ ಹಂಚಿಕೆಯ ಬಗ್ಗೆ ಇಬ್ಬರಲ್ಲಿ ಒಮ್ಮೆಯೂ ಮಾತು ಬಂದಿರಲಿಲ್ಲ.

"ಕಾರ್ಡಲ್ಲಿ ತಪ್ಪು ಬಿದ್ದಿರ್ಬೇಕು," ಎಂದಳು ಥೋವಾ.

"ಬಿದ್ದಿರತ್ತೆ ಬಿಡು," ಎಂದರು ದೊಡ್ಡಮ್ಮ. "ನನ್ನ ಕಾರ್ಡಿನ ಪ್ರಕಾರ ನಾನು ನಮ್ಮತ್ತೆಗಿಂತ ನಾಲ್ಕೇ ವರ್ಷ ಚಿಕ್ಕೋಳು."

ಸುಯೆನ್ ಹೂಂ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವಳು ಅನ್ನಲಿಲ್ಲ. "ತಪ್ಪೇನಿಲ್ಲ. ನಾನು ಬೆಕ್ಕೇ."

ಥೋವಾಳ ಮುಖ ಕೆಂಪಾಯಿತು. "ಹದಿನಾಲ್ಕು ವರ್ಷ ನನ್ನ ಬಾಯಲ್ಲಿ ಅಕ್ಕ ಅನ್ನಿಸ್ಕೊಂಡ್ಯಲ್ಲೇ!"

"ಮೊದಲನೇ ದಿನ ನೀನು ಪೆಟ್ಟಿಗೆ ಮೇಲೆ ಕೂತು ಗೊಳೋ ಅಂತ ಅಳ್ತಿದ್ದೆ. ಯಾರು ಏನು ಹೇಳಿದ್ರೂ ಕಿವಿಗೆ ಹಾಕ್ಕೊಳ್ತಿರ್ಲಿಲ್ಲ. ಅಕ್ಕ ಅಂದ್ರೆ ಕೇಳ್ತೀಯೇನೋ ಅಂತ ಎರಡು ವರ್ಷ ಏರಿಸ್ಕೊಂಡೆ."

"ಆಮೇಲಾದ್ರೂ ಹೇಳ್ಬಹುದಿತ್ತು."

"ಯಾವಾಗ ಹೇಳ್ಲಿ? ಜ್ವರ ಬಂದ್ರೆ ಅಕ್ಕ, ಸೂಪರ್‌ವೈಸರ್ ಬೈದ್ರೆ ಅಕ್ಕ, ಬಸ್ಸಲ್ಲಿ ಕಿಟಕಿ ಸೀಟು ಬೇಕಂದ್ರೆ ಅಕ್ಕ. ಒಂದು ದಿನ ಬಿಡುವು ಕೊಟ್ಟಿದ್ಯಾ?"

ಥೋವಾಳಿಗೆ ನಗುವೂ ಬಂತು, ಅಳುವೂ ಬಂತು. ಹುಟ್ಟಿದ ಮನೆಯಲ್ಲಿ ಐವರು ಮಕ್ಕಳಲ್ಲಿ ಅವಳೇ ಮೊದಲನೆಯವಳು. ಅಲ್ಲಿಗೆ ಕಾಲಿಟ್ಟರೆ ಸಾಕು, ಅಕ್ಕ ಅದು ಕೊಡು, ಅಕ್ಕ ಇದು ಮಾಡು. ಅವಳು ಚಿಕ್ಕವಳಾಗಿದ್ದದ್ದು ಈ ಭೂಮಿಯ ಮೇಲೆ ಒಂದೇ ಕಡೆ, ಸುಯೆನ್ ಪಕ್ಕದಲ್ಲಿ. ಒಂದು ಪ್ಲಾಸ್ಟಿಕ್ ಚೀಟಿ ಅದನ್ನೂ ಕಿತ್ತುಕೊಂಡಿತಲ್ಲ ಎಂದು ಅವಳಿಗೆ ನಿಜಕ್ಕೂ ಸಂಕಟವಾಯಿತು. "ನಂಗಿದ್ದದ್ದು ಒಬ್ಳೇ ಅಕ್ಕ," ಎಂದವಳೇ ಏಣಿ ಹತ್ತಿ ಮೇಲೆ ಹೋದಳು.

ಕತ್ತಲಾಗುವ ಮೊದಲೇ ದೊಡ್ಡಮ್ಮ ಒಲೆಯ ಪಕ್ಕ ಚಾಪೆ ಹಾಸಿ ಊಟದ ತಟ್ಟೆ ಇಟ್ಟರು. ಬೇಯಿಸಿದ ಕೋಳಿ, ಹುಳಿ ಕಳಲೆ, ಸೊಪ್ಪಿನ ಸಾರು. ನಮ್ಮ ಕಡೆ ಚಿಕ್ಕವರು ದೊಡ್ಡವರನ್ನು ಊಟಕ್ಕೆ ಕರೆಯದೆ ಯಾರೂ ಅನ್ನ ಮುಟ್ಟುವುದಿಲ್ಲ. "ದೊಡ್ಡಮ್ಮಾ, ಊಟ ಮಾಡಿ," ಎಂದು ಇಬ್ಬರೂ ಒಟ್ಟಿಗೇ ಅಂದರು. ಅಷ್ಟು ಸಲೀಸು. ಮುಂದೆ ಅಕ್ಕನನ್ನು ಕರೆಯುವುದು ದಿನವೂ ಥೋವಾಳ ಪಾಲಿನ ಮಾತು. ಈಗ ಅವಳು ಬಟ್ಟಲು ನೋಡುತ್ತ ಕೂತಳು. ಸುಯೆನ್ ಒಲೆ ನೋಡುತ್ತ ಕೂತಳು. ಅನ್ನದ ಹಬೆ ಕಡಿಮೆಯಾಗುತ್ತ ಬಂತು.

ದೊಡ್ಡಮ್ಮನಿಗೆ ಹಸಿವಾಗಿತ್ತು. "ಯಾರಾದ್ರೂ ಒಬ್ರು ಚಿಕ್ಕೋರಾಗ್ರಮ್ಮಾ, ಕೋಳಿ ಆರ್ತಾ ಇದೆ!"

ಥೋವಾ ಸೋತು ಬಾಯಿ ತೆರೆಯುವಷ್ಟರಲ್ಲಿ ಪಕ್ಕದಿಂದ ಸಣ್ಣ ದನಿಯೊಂದು ಬಂತು.

"ಅಕ್ಕಾ, ಊಟ ಮಾಡು."

ಯಾರನ್ನು ಕರೆದದ್ದು ಎಂದು ಥೋವಾ ಹಿಂದೆ ತಿರುಗಿ ನೋಡಿದಳು. ಯಾರೂ ಇರಲಿಲ್ಲ. ಸುಯೆನ್ ತಲೆ ತಗ್ಗಿಸಿಕೊಂಡು ಎಡಭುಜ ತಿಕ್ಕಿಕೊಳ್ಳುತ್ತಿದ್ದಳು. ಬ್ಯಾಗಿನ ಪಟ್ಟಿ ಕುತ್ತಿಗೆಯವರೆಗೂ ಕೆಂಪಗೆ ಗೆರೆ ಎಳೆದಿತ್ತು. ಮೂರು ದಿನ ಜೊತೆಗೇ ನಡೆದಿದ್ದರೂ ಥೋವಾಳ ಕಣ್ಣಿಗೆ ಅದು ಬಿದ್ದಿರಲಿಲ್ಲ. ಅವಳಿಗೆ ನಾಚಿಕೆಯಾಯಿತು.

ಅವಳು ಊಟದ ಕಡ್ಡಿಗಳಿಂದ ಕೋಳಿಯ ತೊಡೆಯನ್ನು ಹುಡುಕಿ ತೆಗೆದು ಸುಯೆನ್ ಬಟ್ಟಲಿಗೆ ಹಾಕಿದಳು. ನಾಮ್ ದಿನ್‌ನ ಕೋಣೆಯಲ್ಲಿ ಆ ತುಂಡು ಯಾವತ್ತೂ ಥೋವಾಳದ್ದೇ. ಸುಯೆನ್ ಅದನ್ನು ಮೂಳೆಯಷ್ಟೇ ಉಳಿಯುವವರೆಗೂ ತಿಂದಳು.

ಊಟ ಮುಗಿದ ಮೇಲೆ ಥೋವಾ ಎದ್ದು, ಸುಯೆನ್ ಹಾಸಿಗೆಯ ತಲೆದೆಸೆಯಲ್ಲಿದ್ದ ದೊಡ್ಡ ಬ್ಯಾಗನ್ನು ತನ್ನ ಕಡೆಗೆ ತಂದಿಟ್ಟುಕೊಳ್ಳಲು ಹೋದಳು. ಒಂದೇ ಕೈಗೆ ಅದು ಏಳಲಿಲ್ಲ. ಎರಡೂ ಕೈ ಹಾಕಿ ಎತ್ತಿ, ಎರಡು ಹೆಜ್ಜೆಗೇ ಉಸಿರು ಕಟ್ಟಿ ಕೆಳಗಿಟ್ಟಳು.

"ಅಬ್ಬಾ! ಏನೇನು ತುಂಬ್ಕೊಂಡಿದೀಯೇ ಇದ್ರಲ್ಲಿ?"

"ಎಲ್ಲಾ ನಿನ್ನ ಬಟ್ಟೆನೇ, ಅಕ್ಕಾ," ಎಂದಳು ಸುಯೆನ್.